ಪಟ್ಟಿ ಮೇಡಂ ತಿದ್ದಿದ ಒಂದು ಸಾಲು

ನನ್ನ ಚಿಕ್ಕಮ್ಮನಿಗೆ ಆಫೀಸಿನಲ್ಲಿ ಎರಡು ಹೆಸರಿದ್ದವು. ಎದುರಿಗೆ ಮೇಡಂ, ಬೆನ್ನ ಹಿಂದೆ ಪಟ್ಟಿ ಮೇಡಂ. ಎರಡನೆಯದೂ ಅವಳ ಕಿವಿಗೆ ಬಿದ್ದಿತ್ತು. ಬೇಜಾರು ಮಾಡಿಕೊಳ್ಳುವ ಬದಲು, ಮಾಡುವ ಕೆಲಸವನ್ನೇ ತಾನೇ ಹೇಳುತ್ತಾರೆ, ಸೋಂಬೇರಿ ಮೇಡಂ ಅಂತಂದಿದ್ದರೆ ಯೋಚನೆ ಮಾಡಬೇಕಿತ್ತು, ಎನ್ನುತ್ತಿದ್ದಳು. ಅವಳು ಹೋಗಿ ಈಗ ಒಂದು ವರ್ಷ.

ಅವಳ ಆಫೀಸು ಪತ್ರಾಗಾರ. ಕೆಳಗಿನ ಮಹಡಿಯಲ್ಲಿ ಸರ್ಕಾರದ ಕಡತಗಳು, ಮೇಲಿನದರಲ್ಲಿ ಮನೆಮನೆಗಳಿಂದ ಬಂದ ಕಾಗದಗಳು. ಹಿರಿಯರು ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುವಾಗ ಏನೇನೋ ಸಿಗುತ್ತವಲ್ಲ, ಪತ್ರ, ದಿನಚರಿ, ಶಾಲೆಯ ಅಂಕಪಟ್ಟಿ, ಯಾರೆಂದು ಯಾರಿಗೂ ಗೊತ್ತಿಲ್ಲದ ಫೋಟೋ, ಅವನ್ನು ರದ್ದಿಗೆ ಹಾಕಲು ಕೈಬಾರದವರು ಟ್ರಂಕಿನ ಸಮೇತ ತಂದು ಇಲ್ಲಿ ಒಪ್ಪಿಸುತ್ತಿದ್ದರು. ಚಿಕ್ಕಮ್ಮ ಒಂದೊಂದು ಹಾಳೆಯನ್ನೂ ಬಿಡಿಸಿ, ಮೆತ್ತನೆಯ ಕುಂಚದಿಂದ ಧೂಳು ಸವರಿ, ಓದಿ, ಇದು ಯಾರು ಯಾರಿಗೆ ಬರೆದದ್ದು ಎಂದು ಪಟ್ಟಿ ಮಾಡುತ್ತಿದ್ದಳು. ಮೂವತ್ತೊಂದು ವರ್ಷ ಇದನ್ನೇ ಮಾಡಿದಳು.

ಶಾಲೆಗೆ ರಜೆ ಬಂತೆಂದರೆ ಅಮ್ಮ ನನ್ನನ್ನು ಅವಳ ಜೊತೆ ಆಫೀಸಿಗೆ ಅಟ್ಟುತ್ತಿದ್ದಳು. ಆ ಕೋಣೆಯನ್ನು ನಾನು ಕಣ್ಣುಮುಚ್ಚಿ ಓಡಾಡಿ ತೋರಿಸಬಲ್ಲೆ. ಕಿಟಕಿಗಳಿಗೆ ದಪ್ಪ ಪರದೆ, ಬಿಸಿಲು ಬಿದ್ದರೆ ಶಾಯಿ ಮಂಕಾಗುತ್ತದೆಂದು. ಎರಡು ಉದ್ದನೆಯ ಮೇಜು. ಒಂದರ ಮೇಲೆ ಕಾಗದಗಳು, ಅಲ್ಲಿ ಪೆನ್ಸಿಲ್ ಮಾತ್ರ. ಇನ್ನೊಂದರ ಮೇಲೆ ಪಟ್ಟಿಯ ದೊಡ್ಡ ಪುಸ್ತಕ, ಅಲ್ಲಿ ಮಾತ್ರ ಶಾಯಿ ಪೆನ್ನು. ಎರಡರ ನಡುವಿನ ನಾಲ್ಕು ಹೆಜ್ಜೆಯನ್ನು ಅವಳು ದಿನಕ್ಕೆ ಎಷ್ಟು ಸಲ ನಡೆಯುತ್ತಿದ್ದಳೋ. ಪೆನ್ನು ಕೈಯಲ್ಲಿ ಹಿಡಿದು ಆಚೆ ಮೇಜಿನ ಕಡೆ ಯಾರಾದರೂ ಹೊರಟರೆ ಸಾಕು, ಅಧಿಕಾರಿಯೇ ಆಗಲಿ, "ಪೆನ್ನು" ಎಂದು ಒಂದೇ ಮಾತು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಇಡಲು ಅವಳೇ ಹೊಲಿದ ಮರಳಿನ ಚೀಲಗಳಿದ್ದವು, ಅಂಗೈಯಷ್ಟು ದೊಡ್ಡವು. ಅವನ್ನು ಸಾಲಾಗಿ ಜೋಡಿಸಿ ರೈಲು ಮಾಡುವುದು ನನ್ನ ಕೆಲಸ. ಹಳೆಯ ಕಾಗದಕ್ಕೆ ಒಣಗಿದ ಎಲೆಯ ಹಾಗೆ ಒಂದು ವಾಸನೆ. ಇವತ್ತಿಗೂ ಯಾವುದಾದರೂ ಬೀರು ತೆರೆದಾಗ ಆ ವಾಸನೆ ಬಂದರೆ ನನಗೆ ಎಂಟು ವರ್ಷ.

ಮನೆಯಲ್ಲೂ ಅವಳು ಅವಳೇ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ್ದಳು. ಸುಮ್ಮನೆ ಸಕ್ಕರೆ ಎಂದಲ್ಲ: "ಸಕ್ಕರೆ. ಮುಚ್ಚಳ ಬೇರೆ ಡಬ್ಬಿಯದು." ಮದುವೆ ಯಾಕೆ ಆಗಲಿಲ್ಲ ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದಾಗ, ಬಂದ ಅರ್ಜಿಗಳಲ್ಲಿ ಕಾಗದಪತ್ರ ಪೂರ್ತಿ ಇರಲಿಲ್ಲ, ವಾಪಸ್ ಕಳಿಸಿದೆ ಎಂದಳು. ಅಷ್ಟಕ್ಕೇ ಮುಗಿಯಿತು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಕಲಿಸುತ್ತಿದ್ದದ್ದು ಒಂದೇ ಪಾಠ. ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನು ಬರೆಯಬೇಡಿ. ಪತ್ರದ ಕೆಳಗೆ ಮಾವ ಎಂದಿದ್ದರೆ ಮಾವ ಎಂದೇ ಬರೆಯಿರಿ, ನಿಮ್ಮ ತಲೆ ಓಡಿಸಬೇಡಿ. ಅವಳ ಪಟ್ಟಿಯಲ್ಲಿ ತಪ್ಪು ಹುಡುಕಿದವರಿಲ್ಲ ಎಂದು ಆಫೀಸಿನಲ್ಲಿ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು, ನನ್ನ ಮಗಳು ಮಾತು ಕಲಿಯುವವರೆಗೆ.

ಆಗ ಚಿಕ್ಕಮ್ಮ ನಿವೃತ್ತಳಾಗಿ ನಾಲ್ಕು ವರ್ಷ. ನಮ್ಮ ಮನೆಯಿಂದ ಮೂರು ಬೀದಿ ಆಚೆ ಅವಳ ಎರಡು ಕೋಣೆಯ ಮನೆ. ಮಗಳಿಗೆ ಒಂದೂವರೆ ವರ್ಷ, ನನಗೆ ಆತಂಕ ನೂರೈವತ್ತು. ಕೆಮ್ಮಿದರೆ ಆತಂಕ, ಕೆಮ್ಮದೆ ತುಂಬ ಹೊತ್ತು ಮಲಗಿದರೂ ಆತಂಕ. ಎಲ್ಲವನ್ನೂ ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿ ಸುರಿಯುತ್ತಿದ್ದೆ. ಆ ದಿನದ ದೂರು ಹೊಸದು. ನನ್ನ ತಂಗಿ ಕಾಲೇಜಿಗೆಂದು ನಮ್ಮಲ್ಲೇ ಇದ್ದಳು, ದಿನವಿಡೀ ಅಕ್ಕ ಅಕ್ಕ ಎಂದು ನನ್ನನ್ನು ಕೂಗುತ್ತಿದ್ದಳು. ನನ್ನ ಗಂಡ ಅವರಮ್ಮನನ್ನು ಅಮ್ಮ ಎನ್ನುತ್ತಾರೆ. ಮಗಳು ಇದನ್ನೆಲ್ಲ ಕೇಳಿಸಿಕೊಂಡು ತನ್ನದೇ ತೀರ್ಮಾನಕ್ಕೆ ಬಂದಿದ್ದಳು: ಅಜ್ಜಿ ಅಮ್ಮ, ನಾನು ಅಕ್ಕ. ಪಾರ್ಕಿನಲ್ಲಿ ಒಬ್ಬಾಕೆ, ಪರವಾಗಿಲ್ಲ, ತಂಗೀನ ಎಷ್ಟು ಚೆನ್ನಾಗಿ ನೋಡ್ಕೋತೀಯ ಎಂದು ನನ್ನನ್ನು ಹೊಗಳಿದ್ದಳು. ಹಾಲು ಕುಡಿಸುವವಳು ನಾನು, ನಿದ್ದೆಗೆಡುವವಳು ನಾನು, ಹೆಸರು ಮಾತ್ರ ಬೇರೆಯವರಿಗೆ ಎಂದು ಚಿಕ್ಕಮ್ಮನ ಮುಂದೆ ಅತ್ತೇಬಿಟ್ಟೆ.

ಚಿಕ್ಕಮ್ಮ ನಕ್ಕಳು. ಹಿಂದೆ ಕೂಡುಮನೆಗಳಲ್ಲಿ ಇದು ಮಾಮೂಲು, ಸಾಯುವವರೆಗೂ ತಾಯಿಯನ್ನು ಅತ್ತಿಗೆ ಎಂದೇ ಕರೆದ ಗಂಡಸರಿದ್ದರು, ಕರೆದರೆ ಓಗೊಡು ಸಾಕು ಎಂದಳು. ಚಹಾದ ಲೋಟ ಎತ್ತಿದಳು. ಎತ್ತಿದ್ದು ಅಲ್ಲೇ ನಿಂತಿತು.

"ಮತ್ತೆ ಹೇಳು. ಮಗು ನಿನ್ನ ಅಕ್ಕ ಅನ್ನುತ್ತೆ. ಯಾಕೆ?"

"ನನ್ನ ತಂಗಿ ಹಂಗೆ ಕರೀತಾಳಲ್ಲ, ಅದಕ್ಕೆ."

ಅವಳು ಲೋಟ ಕೆಳಗಿಟ್ಟು ಒಳಗೆ ಹೋದಳು. ಕಪಾಟು ತೆರೆದ ಸದ್ದು, ಆಮೇಲೆ ಏನೂ ಇಲ್ಲ. ಬಿಪಿ ಮಾತ್ರೆ ಮರೆತಿದ್ದಾಳೋ ಏನೋ ಎಂದು ನಾನು ಹಿಂದೆಯೇ ಹೋದೆ. ಮಂಚದ ಮೇಲೆ ಕೂತು ಹಳೆಯ ನೋಟುಬುಕ್ಕೊಂದನ್ನು ತಿರುವುತ್ತಿದ್ದಳು. ಪಟ್ಟಿಗಳ ಕರಡು ಅವಳು ಇಂಥ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು, ಒಂದನ್ನೂ ಎಸೆದಿರಲಿಲ್ಲ.

ಆ ಸಂಜೆ ಅವಳು ಹೇಳಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಗಡಿಯಾರ ರಿಪೇರಿ ಮಾಡುವವರ ಮನೆಯೊಂದರಿಂದ ಮೂರು ಟ್ರಂಕು ಕಾಗದ ಬಂದಿದ್ದವು. ಆ ಮನೆಯ ಮಗ ತೀರಿಕೊಂಡ ಮೇಲೆ ಅವನ ಹೆಂಡತಿ ಕಳಿಸಿದ್ದು. ಅವುಗಳಲ್ಲಿ ಹದಿನಾಲ್ಕು ಪತ್ರ, ಹುಡುಗನಾಗಿದ್ದಾಗ ಅವನು ದೂರದ ಹಾಸ್ಟೆಲಿನಲ್ಲಿ ಓದುತ್ತಿದ್ದ ಕಾಲದವು. ತಾರೀಖಿಲ್ಲ, ಸೋಮವಾರ, ಗುರುವಾರ ಎಂದಷ್ಟೇ. ಎಲ್ಲದರ ಕೆಳಗೂ "ಇಂತಿ ನಿನ್ನ ಅಕ್ಕ". ಆ ಮನೆಯಲ್ಲಿ ಅವನಿಗಿಂತ ಹಿರಿಯಳಾದ ಮಗಳೊಬ್ಬಳು ಇದ್ದದ್ದು ನಿಜ, ಆಗ ಅವಳಿಗೆ ಹದಿನೈದರ ಸುಮಾರು. ಚಿಕ್ಕಮ್ಮ ಕಂಡದ್ದನ್ನೇ ಬರೆದಿದ್ದಳು: ಹಿರಿಯ ಮಗಳು ತಮ್ಮನಿಗೆ ಬರೆದ ಪತ್ರಗಳು, ಹದಿನಾಲ್ಕು. ಆ ಮನೆಯ ಯಜಮಾನಿಯ ಕೈಬರಹ ಎಲ್ಲೂ ಸಿಗದ್ದರಿಂದ ಪಟ್ಟಿಯ ಮೊದಲಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: ತಾಯಿ ಓದು ಬರಹ ಬಲ್ಲವರಾಗಿರಲಿಲ್ಲವೆಂದು ತೋರುತ್ತದೆ.

ಮುಂದೆ ಆ ಮನೆಯ ಕಿರಿಮಗಳು ಪತ್ರಾಗಾರಕ್ಕೆ ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸಾಗಿ ಆಗಷ್ಟೇ ನಿವೃತ್ತಳಾಗಿದ್ದ ಹೆಂಗಸು, ಬೇರೆ ಊರಿನಲ್ಲಿ ಒಬ್ಬಳೇ ಇದ್ದವಳು. ತಾಯಿ ತೀರಿಕೊಂಡಾಗ ಅವಳಿಗೆ ಎರಡು ವರ್ಷ ತುಂಬಿತ್ತೋ ಇಲ್ಲವೋ. ಮುಖ ನೆನಪಿಲ್ಲ, ಫೋಟೋ ಇಲ್ಲ. ಅಮ್ಮನ ಕೈಬರಹದ ಒಂದು ಸಾಲು ಸಿಕ್ಕರೂ ಸಾಕು ಎಂದು ಬಸ್ಸು ಹತ್ತಿ ಬಂದಿದ್ದಳು. ಚಿಕ್ಕಮ್ಮ ಪಟ್ಟಿ ತೆಗೆದು ಬೆರಳಿಟ್ಟು ನೋಡಿ, ನಿಮ್ಮ ತಾಯಿಯದು ಒಂದೂ ಇಲ್ಲ, ನಿಮ್ಮ ಅಕ್ಕನವರದ್ದು ಹದಿನಾಲ್ಕಿವೆ, ತೋರಿಸಲಾ ಎಂದಳು. ನರ್ಸಮ್ಮ ಬೇಡ ಎಂದಳು. ಸಾಕಿ ಬೆಳೆಸಿದ ಅಕ್ಕನಿಗೂ ಅವಳಿಗೂ ಇಪ್ಪತ್ತು ವರ್ಷ ಮಾತಿರಲಿಲ್ಲವಂತೆ. ಮಾತಾಗುವ ಮೊದಲೇ ಅಕ್ಕ ತೀರಿಕೊಂಡಿದ್ದಳು. ಅಕ್ಕನ ಕಾಗದ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಎದ್ದು ಹೋದಳು. ಅದಾಗಿ ಎಂಟು ವರ್ಷ.

"ಗಡಿಯಾರದಂಗಡೀಲಿ ಕೆಲಸ ಕಲೀತಿದ್ದೋರು ಆ ಅಮ್ಮನ ತಮ್ಮಂದಿರೇ ಕಣೇ. ಇಬ್ಬರು. ಆ ಮನೇಲೇ ಇದ್ದರು," ಎಂದಳು ಚಿಕ್ಕಮ್ಮ. "ದಿನವಿಡೀ ಅಕ್ಕ ಅಕ್ಕ ಅಂತಿದ್ದಿರಬೇಕು. ಹುಡುಗ ಅದನ್ನೇ ಕಲಿತ."

ನನಗೆ ಒಪ್ಪಿಗೆಯಾಗಲಿಲ್ಲ. ಇದೂ ಊಹೆಯೇ ಅಲ್ಲವೇ ಎಂದೆ. ಅವಳು ಇನ್ನೊಂದು ಪುಟ ತೋರಿಸಿದಳು. ಹಿರಿಯ ಮಗಳು ಮದುವೆಯಾದ ಮೇಲೆ ಬರೆದ ನಾಲ್ಕು ಪತ್ರಗಳ ವಿವರ. ಅಕ್ಷರ ಬೇರೆ. "ವಯಸ್ಸಿನೊಂದಿಗೆ ಬರಹ ಬದಲಾಗಿದೆ" ಎಂದು ಚಿಕ್ಕಮ್ಮನ ಟಿಪ್ಪಣಿ. ಸಹಿ ಚಿಕ್ಕಕ್ಕ ಎಂದು. "ಪ್ರೀತಿಯಿಂದ ಹೀಗೂ ಬರೆದುಕೊಳ್ಳುತ್ತಿದ್ದಳು" ಎಂದು ಇನ್ನೊಂದು ಟಿಪ್ಪಣಿ.

"ಮನೇಲಿರೋಳು ಒಬ್ಬಳೇ ಅಕ್ಕ. ಅವಳು ಚಿಕ್ಕಕ್ಕ ಹೇಗಾಗ್ತಾಳೆ? ಅಕ್ಕ ಅನ್ನೋ ಜಾಗ ಮೊದಲೇ ಭರ್ತಿ ಆಗಿದ್ದರೆ ತಾನೇ?" ತನ್ನ ಟಿಪ್ಪಣಿಗಳ ಮೇಲೆ ಬೆರಳಿನಿಂದ ತಟ್ಟಿದಳು. "ಊಹೆ ಮಾಡಬೇಡಿ ಅಂತ ಊರಿಗೆಲ್ಲ ಹೇಳಿದೆ. ಇಲ್ಲಿ ನೋಡು, ಒಂದಲ್ಲ, ಎರಡಲ್ಲ."

ಅವಳು ಪುಟ ತಿರುವುವಾಗ ನನ್ನ ಕಣ್ಣು ಒಂಬತ್ತನೆಯ ಪತ್ರದ ಮೇಲೆ ಬಿತ್ತು. ಮುಖ್ಯವೆನಿಸಿದ ಸಾಲುಗಳನ್ನು ಅವಳು ಇದ್ದ ಹಾಗೇ ನಕಲು ಮಾಡಿಕೊಳ್ಳುತ್ತಿದ್ದಳು. ಆ ಪತ್ರದಿಂದ ತೆಗೆದ ಸಾಲುಗಳು ಹೀಗಿದ್ದವು: "ಚಿಕ್ಕದಕ್ಕೆ ನಾಲ್ಕು ಹಲ್ಲು ಬಂದಿದೆ. ಕಚ್ಚುವುದು ಕಲಿತಿದೆ, ಜೀವ ಹೋಗುತ್ತದೆ. ಬಿಡಿಸು, ಕಹಿ ಹಚ್ಚು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಇನ್ನೆಷ್ಟು ದಿನ ಕೇಳೀತು, ಕೇಳುವಷ್ಟು ದಿನ ಕೇಳಲಿ." ಅದರ ಪಕ್ಕದಲ್ಲಿ ಚಿಕ್ಕಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದಳು: ತಂಗಿಗೆ ಬೆರಳು ಚೀಪುವ ಅಭ್ಯಾಸ.

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಆ ವಾರವೇ ನನ್ನ ಮಗಳು ನನ್ನನ್ನು ಎರಡು ಸಲ ಕಚ್ಚಿದ್ದಳು. ಬಿಡಿಸು, ಬಿಡಿಸು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

"ಬೆರಳಲ್ಲ ಚಿಕ್ಕಮ್ಮ," ಎಂದೆ. "ಹಾಲು. ಇದು ಹಾಲು ಬಿಡಿಸೋ ಮಾತು. ಹದಿನೈದು ವರ್ಷದ ಹುಡುಗಿ ತಮ್ಮನಿಗೆ ಇದನ್ನ ಬರೆಯಲ್ಲ."

ಚಿಕ್ಕಮ್ಮ ಆ ಸಾಲುಗಳನ್ನು ಮತ್ತೆ ಓದಿದಳು. ಅವಳ ಮುಖ ನೋಡಿ ನನಗೆ ಹೇಳಬಾರದಿತ್ತು ಎನಿಸಿತು. ನಾನು ಹೇಗೆ ತಿಳ್ಕೊಳ್ಳಲಿ ಹೇಳು, ಎಂದಷ್ಟೇ ಅಂದಳು, ಬಹಳ ಮೆಲ್ಲಗೆ.

ಆಮೇಲೆ ನಾನು ನನ್ನ ಸ್ವಭಾವಕ್ಕೆ ತಕ್ಕ ಸಲಹೆ ಕೊಟ್ಟೆ. ನರ್ಸಮ್ಮನಿಗೆ ಈಗ ವಯಸ್ಸು ಎಪ್ಪತ್ತರ ಹತ್ತಿರ. ಎಂಟು ವರ್ಷದ ಹಿಂದೆ ಇಲ್ಲ ಎಂದು ಒಪ್ಪಿಕೊಂಡು ಹೋದವಳಿಗೆ ಈಗ ಇದೆ ಎಂದರೆ ಎದೆ ತಡೆದೀತೇ? ಅವಳು ಇದ್ದಾಳೋ ಇಲ್ಲವೋ. ಪಟ್ಟಿ ತಿದ್ದಿ ಸುಮ್ಮನಿದ್ದರಾಗದೇ? ಚಿಕ್ಕಮ್ಮ ನನ್ನ ಮಾತು ಪೂರ್ತಿ ಕೇಳಿದಳು.

"ಇಲ್ಲ ಅಂತ ಹೇಳಿದೋಳು ನಾನು. ಇದೆ ಅಂತ ಹೇಳಬೇಕಾದೋಳೂ ನಾನೇ. ಅವರು ಬೈದರೆ ಬೈಸಿಕೊಳ್ಳೋಳೂ ನಾನೇ, ನೀನಲ್ಲ."

ಮರುದಿನವೇ ಪತ್ರಾಗಾರಕ್ಕೆ ಹೊರಟಳು. ಬಿಟ್ಟು ಹೋಗಲು ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲವಾಗಿ ಮಗಳನ್ನೂ ಎತ್ತಿಕೊಂಡು ನಾನೂ ಹೋದೆ, ಮೂಗಿಗೆ ಧೂಳು ಹೋಗದಿರಲೆಂದು ಅವಳ ಮುಖಕ್ಕೊಂದು ತೆಳು ಬಟ್ಟೆ ಹೊದಿಸಿ. ಈಗಿನ ಅಧಿಕಾರಿ ಒಂದು ಕಾಲದಲ್ಲಿ ಚಿಕ್ಕಮ್ಮನ ಕೈಕೆಳಗೆ ಕೆಲಸ ಕಲಿತವರು. ಕುರ್ಚಿ ಬಿಟ್ಟು ಎದ್ದರು. ವಿಷಯ ಕೇಳಿ ತಲೆ ಕೆರೆದುಕೊಂಡರು.

"ಮೇಡಂ, ನಿಮ್ಮ ಪಟ್ಟೀನ ನಾನು ತಿದ್ದೋದಾ? ನನ್ನ ಕೈ ಬಿದ್ದುಹೋಗುತ್ತೆ."

"ಬಿದ್ದುಹೋಗಲಿ, ಆ ಕೈಯಲ್ಲಿ ನೀವು ಬರೆಯೋ ಎಂಟರ ಅಂಕಿ ಯಾರಿಗೂ ಅರ್ಥ ಆಗಲ್ಲ. ಪುಸ್ತಕ ತೆಗೀರಿ."

ಪುಸ್ತಕ ಬೇಕಿಲ್ಲ, ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ, ಅಲ್ಲಿ ಒಂದು ಸಾಲು ಬದಲಾಯಿಸಿದರೆ ಮುಗಿಯಿತು, ಮೊದಲು ಹೇಗಿತ್ತೆಂದು ಯಾರಿಗೂ ಗೊತ್ತಾಗುವುದೇ ಇಲ್ಲ, ಎಂದರು ಅವರು. ಅವಳ ಮರ್ಯಾದೆ ಉಳಿಸಲೆಂದೇ ಹೇಳಿದ್ದು, ಪಾಪ.

"ಗೊತ್ತಾಗಬೇಕು," ಎಂದಳು ಚಿಕ್ಕಮ್ಮ.

ಮೊದಲು ಪತ್ರಗಳ ಪೆಟ್ಟಿಗೆ ತರಿಸಿ ಹದಿನಾಲ್ಕನ್ನೂ ಓದಿದಳು. ಎರಡು ಗಂಟೆ ಹಿಡಿಯಿತು. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನಾನು ದೂರದ ಬೆಂಚಿನಿಂದ ಚಿಕ್ಕಮ್ಮನ ಬೆನ್ನನ್ನು ನೋಡುತ್ತಿದ್ದೆ. ಎಷ್ಟು ವರ್ಷ ನೋಡಿದ ಬೆನ್ನು ಅದು, ಅದೇ ಕುರ್ಚಿಯಲ್ಲಿ, ಅದೇ ಪರದೆಯ ಮಬ್ಬಿನಲ್ಲಿ. ಮೊದಲು ನೆಟ್ಟಗಿತ್ತು, ಈಗ ಬಾಗಿತ್ತು. ಓದಿ ಮುಗಿಸಿ ಅವಳು ಎದ್ದು ಆ ನಾಲ್ಕು ಹೆಜ್ಜೆ ನಡೆದು, ಆಚೆ ಮೇಜಿನ ಮೇಲಿದ್ದ ಪುಸ್ತಕದಲ್ಲಿ ತನ್ನ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದಳು, ಕೆಳಗಿದ್ದದ್ದನ್ನು ಓದಲು ಬರುವ ಹಾಗೆ. ಅವರ ರೂಢಿಯೇ ಅದು. ತಪ್ಪನ್ನು ಅಳಿಸುವುದಿಲ್ಲ, ಉಜ್ಜುವುದಿಲ್ಲ. ಪಕ್ಕದಲ್ಲಿ ಬರೆದಳು: "ತಾಯಿ ಮಗನಿಗೆ ಬರೆದ ಪತ್ರಗಳು. ಮಕ್ಕಳು ತಾಯಿಯನ್ನು ಅಕ್ಕ ಎಂದು ಕರೆಯುತ್ತಿದ್ದರು. ಮೊದಲಿನ ನಮೂದು ನನ್ನ ತಪ್ಪು." ಕೆಳಗೆ ಸಹಿ, ತಾರೀಖು. ಅಧಿಕಾರಿಯ ಸಹಿಯನ್ನೂ ಹಾಕಿಸಿದಳು. ತಾಯಿ ಓದು ಬರಹ ಬಲ್ಲವರಾಗಿರಲಿಲ್ಲ ಎಂಬ ಸಾಲಿಗೆ ಗೆರೆ ಎಳೆಯುವಾಗ ಮಾತ್ರ ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೇ ನಿಂತು, ಅಲ್ಲೊಂದು ಶಾಯಿಯ ಬೊಟ್ಟು ಉಳಿಯಿತು.

ಕಡತದಲ್ಲಿದ್ದ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ವಿಳಾಸಕ್ಕೆ ಪತ್ರ ಬರೆದಳು, ಅರ್ಧ ಪುಟ, ಅದರಲ್ಲಿ ಕ್ಷಮೆಗೆ ಒಂದು ವಾಕ್ಯ. ಒಂದು ವಾರ, ಎರಡು ವಾರ. ಮನೆ ಬದಲಾಯಿಸಿದ್ದರೆ, ತೀರಿಕೊಂಡಿದ್ದರೆ ಎಂದು ನಾನು ಗೊಣಗುತ್ತಿದ್ದೆ. ಅವಳು ಗದರಿಸಲೂ ಇಲ್ಲ. ಡಬ್ಬಿಗಳ ಚೀಟಿಗಳನ್ನೆಲ್ಲ ಕಿತ್ತು ಹೊಸದಾಗಿ ಬರೆಯಲು ಕೂತಿದ್ದಳು. ಮೂರನೆಯ ವಾರ ಅಧಿಕಾರಿ ಫೋನು ಮಾಡಿದರು. ಒಬ್ಬ ವಯಸ್ಸಾದ ಹೆಂಗಸು ಬಂದು ಓದುವ ಕೋಣೆಯಲ್ಲಿ ಕೂತಿದ್ದಾರೆ, ಪತ್ರ ತೋರಿಸಲು ಹೋದರೆ ಬೇಡ, ನನಗೆ ಕಾಗದ ಬರೆದ ಮೇಡಮ್ಮೇ ಬರಲಿ ಅಂತಿದ್ದಾರೆ ಎಂದು.

ನಾವು ಹೋದಾಗ ನರ್ಸಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸಣ್ಣ ಮೈ, ಬಿಳಿಯ ಕತ್ತರಿಸಿದ ಕೂದಲು. ಚಿಕ್ಕಮ್ಮ ಎದುರಿಗೆ ನಿಂತು, ನನ್ನಿಂದ ತಪ್ಪಾಯ್ತು ಎಂದಳು. ಕಾರಣ ಹೇಳಲಿಲ್ಲ, ಸಮಜಾಯಿಷಿ ಕೊಡಲಿಲ್ಲ.

"ಎಂಟು ವರ್ಷ," ಎಂದರು ನರ್ಸಮ್ಮ. "ನಮ್ಮಮ್ಮ ನಿಮ್ಮ ಪೆಟ್ಟಿಗೇಲಿ ನಮ್ಮಕ್ಕನ ಹೆಸರಲ್ಲಿ ಕೂತಿದ್ಲು. ನಾನು ಇದೇ ಕುರ್ಚೀಲಿ ಕೂತು, ಬೇಡ ಅಂದು ಎದ್ದು ಹೋದೆ. ಅಮ್ಮನ್ನೇ ಬೇಡ ಅಂದೆ."

"ಬೇಡ ಅನ್ನಿಸಿದ್ದು ನಾನು."

ನರ್ಸಮ್ಮ ಅವಳನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ, ಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು. ಅವರು ಕೇಳಿದ್ದು ಬೇರೆ.

"ಅದರಲ್ಲಿ ನನ್ನ ಹೆಸರಿದೆಯಾ?"

"ಹೆಸರಿಲ್ಲ. ಚಿಕ್ಕದು ಅಂತಿದೆ."

"ಎಷ್ಟು ಕಡೆ?"

ಇನ್ಯಾರಾದರೂ ಆಗಿದ್ದರೆ ತುಂಬ ಕಡೆ ಎನ್ನುತ್ತಿದ್ದರು. ಚಿಕ್ಕಮ್ಮ ಎಣಿಸದೆ ಬಂದಿರಲಿಲ್ಲ.

"ಮೂವತ್ತೇಳು ಕಡೆ. ನೀವಿಲ್ಲದ ಪತ್ರ ಒಂದೂ ಇಲ್ಲ."

ನರ್ಸಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಬಹಳ ಹೊತ್ತು. ಅಷ್ಟರಲ್ಲಿ ಪೆಟ್ಟಿಗೆ ಬಂತು. ಓದಿ ಹೇಳಲೇ, ಅಕ್ಷರ ಸ್ವಲ್ಪ ಜೋಡಿಸಿ ಬರೆದಿದ್ದಾರೆ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ಅವರು ಬೇಡವೆಂದು ಕೈ ಅಡ್ಡ ಹಿಡಿದರು. ಡಾಕ್ಟರರ ಚೀಟಿಗಳನ್ನು ನಲವತ್ತು ವರ್ಷ ಓದಿದವಳಿಗೆ ಇದೇನು ಮಹಾ ಎಂದರು. ಚಿಕ್ಕಮ್ಮ ನಕ್ಕಳು. ಆ ಮೂರು ವಾರದಲ್ಲಿ ಅದೇ ಮೊದಲು.

ಅವರು ಮೊದಲ ಪತ್ರ ಓದಿದರು. ಭೂತಗನ್ನಡಿಯನ್ನು ಸಾಲಿನಿಂದ ಸಾಲಿಗೆ ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ. ಒಂದು ಕಡೆ ನಿಂತು ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೆ ಓದಿದರು. ಎರಡನೆಯದನ್ನು ತೆಗೆದರು. ಅದು ಮುಗಿದಾಗ ಇನ್ನೂ ಮೂರು ಗಂಟೆ ಆಗಿರಲಿಲ್ಲ, ಕೋಣೆ ಮುಚ್ಚುವುದು ಐದಕ್ಕೆ. ಚಿಕ್ಕಮ್ಮ ಮೂರನೆಯದನ್ನು ಮುಂದಿಟ್ಟಳು. ನರ್ಸಮ್ಮ ಅದನ್ನು ಮುಟ್ಟದೆ ಕನ್ನಡಕ ಮಡಿಸಿ ಚೀಲದಲ್ಲಿ ಇಟ್ಟುಕೊಂಡರು.

"ಇವತ್ತಿಗೆ ಸಾಕು," ಎಂದರು. "ಇನ್ನೂ ಹನ್ನೆರಡು ಇದೆಯಲ್ಲ?"

ಹೌದು, ಹನ್ನೆರಡಿದೆ ಎಂದಳು ಚಿಕ್ಕಮ್ಮ.

ಅವರು ಎದ್ದು ನಿಂತು, ಬಾಗಿಲ ಹತ್ತಿರ ಗೋಡೆಗೆ ಹಾಕಿದ್ದ ರಜಾ ದಿನಗಳ ಪಟ್ಟಿಯನ್ನು ಓದತೊಡಗಿದರು, ಮುಂದಿನ ತಿಂಗಳು ಯಾವ ಯಾವ ದಿನ ಕೋಣೆ ತೆರೆದಿರುತ್ತದೆ ಎಂದು ಬೆರಳಿಟ್ಟು ನೋಡುತ್ತಾ.